ಯಾವ ಚೆನ್ನಮ್ಮ? ಯಾವ ಫಾತಿಮಾ?

ಬೆಳಗಾವಿ ನಗರದಲ್ಲಿ ಒಂದು ಸುತ್ತು ಹಾಕಿದರೆ ಚೆನ್ನಮ್ಮ ಎಂಬ ಹೆಸರು ಹಲವು ಸಲ ಕಣ್ಣಿಗೆ ಬೀಳುತ್ತದೆ. ವೃತ್ತಕ್ಕೆ ಆ ಹೆಸರು. 2010ರಲ್ಲಿ ಆರಂಭವಾದ ವಿಶ್ವವಿದ್ಯಾಲಯಕ್ಕೆ ಆ ಹೆಸರು. ಖಾನಾಪುರದ ಮೇಲೆ ಹಾದು ಬೆಂಗಳೂರಿಗೆ ಹೋಗುವ ರೈಲಿಗೂ ಅದೇ ಹೆಸರು. ಸಹೋದರಿಯರೇ, ಇಂದು ಸಂಜೆ ಮಕ್ಕಳು ಪುಸ್ತಕ ಹಿಡಿದು ಕುಳಿತಾಗ ಒಂದು ಪ್ರಶ್ನೆ ಕೇಳಿ ನೋಡಿ: ಔರಂಗಝೇಬನ ಸೇನೆಯನ್ನು ಎದುರಿಸಿದ ಚೆನ್ನಮ್ಮ ಯಾರು? ಬ್ರಿಟಿಷರನ್ನು ಎದುರಿಸಿದ ಚೆನ್ನಮ್ಮ ಯಾರು? ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ ಅರ್ಧದಷ್ಟು ಮಕ್ಕಳು ಇಬ್ಬರನ್ನೂ ಒಂದೇ ಕುದುರೆಯ ಮೇಲೆ ಕೂರಿಸಿಬಿಡುತ್ತಾರೆ.

ಮಕ್ಕಳನ್ನು ದೂರಿ ಫಲವಿಲ್ಲ. ಇಬ್ಬರೂ ರಾಣಿಯರು, ಇಬ್ಬರೂ ವಿಧವೆಯರು. ಇಬ್ಬರೂ ದತ್ತು ಮಗನನ್ನು ಪಡೆದವರು, ತಮಗಿಂತ ಬಲಾಢ್ಯರಾದವರ ಎದುರು ನಿಂತವರು. ಆದರೆ ಒಬ್ಬರು ತೀರಿಕೊಂಡು ಸುಮಾರು 80 ವರ್ಷಗಳಾದ ಮೇಲೆ ಇನ್ನೊಬ್ಬರು ಹುಟ್ಟಿದ್ದು.

ಮೊದಲಿನವರು ಕೆಳದಿಯ ಚೆನ್ನಮ್ಮ. ಪತಿ ಸೋಮಶೇಖರ ನಾಯಕನ ಮರಣಾನಂತರ, 1670ರ ದಶಕದ ಆರಂಭದಿಂದ ಸುಮಾರು 25 ವರ್ಷ ರಾಜ್ಯವಾಳಿದರು. ರಾಜಧಾನಿ ಈಗಿನ ಶಿವಮೊಗ್ಗ ಜಿಲ್ಲೆಯ ಬಿದನೂರು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟಾಗ ಅವನಿಗೆ ಆಶ್ರಯ ಕೊಟ್ಟವರು ಇವರು. ಅದಕ್ಕಾಗಿ ಔರಂಗಝೇಬನ ಸೇನೆ ಬಂದಾಗ ಹೆದರಲಿಲ್ಲ.

ಎರಡನೆಯವರು ನಮ್ಮ ನೆರೆಯವರೇ. ಬೆಳಗಾವಿಗೆ ತಾಗಿಕೊಂಡಂತಿರುವ ಕಾಕತಿಯಲ್ಲಿ 1778ರಲ್ಲಿ ಹುಟ್ಟಿ, ಕಿತ್ತೂರಿನ ದೇಸಾಯಿ ಮಲ್ಲಸರ್ಜನನ್ನು ಮದುವೆಯಾದರು. 1824ರಲ್ಲಿ ಸಂಸ್ಥಾನದ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಅವರ ದತ್ತು ಮಗನ ಪರವಾಗಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ಗಲ್ಲಿಗೇರಿಸಿದ್ದು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ.

ಇಬ್ಬರನ್ನು ಬೆರೆಸಿದರೆ ನಷ್ಟವಾಗುವುದು ಒಬ್ಬರಿಗೆ ಮಾತ್ರ. ನಮ್ಮ ಕಡೆ ಕಿತ್ತೂರಿನವರ ಹೆಸರೇ ದೊಡ್ಡದು, ಆದ್ದರಿಂದ ಕೆಳದಿಯ ರಾಣಿಯ ಇಪ್ಪತ್ತೈದು ವರ್ಷದ ಆಡಳಿತ ಕರಗಿಹೋಗುತ್ತದೆ. ಇನ್ನೊಂದು ಮಾತು ಗಮನಿಸಿದಿರಾ? ಕೆಳದಿ, ಕಿತ್ತೂರು ಎರಡೂ ಗಂಡನ ಮನೆಯ ಹೆಸರುಗಳು. ಒಬ್ಬರು ವ್ಯಾಪಾರಿ ಸಿದ್ದಪ್ಪ ಶೆಟ್ಟಿಯ ಮಗಳು, ಇನ್ನೊಬ್ಬರು ಕಾಕತಿಯ ಧೂಳಪ್ಪ ದೇಸಾಯಿಯ ಮಗಳು ಎಂಬುದು ಎಷ್ಟು ಜನರ ಬಾಯಲ್ಲಿದೆ?

ಗಂಡಸರ ವಿಷಯದಲ್ಲಿ ಊರಿನ ಗುರುತು ಹೆಸರಿಗೆ ಅಂಟಿಕೊಂಡೇ ಬಂದಿದೆ. ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿಯನ್ನು 1519ರಲ್ಲಿ ಕಟ್ಟಿಸಿದ ಅಸದ್ ಖಾನ್ ಬಿಜಾಪುರದ ಆದಿಲ್‌ಶಾಹಿಗಳ ಸರದಾರ, 1549ರಲ್ಲಿ ನಿಧನನಾದವನು. ದಖ್ಖನಿನ ಯುದ್ಧಗಳಲ್ಲಿ ಹೆಸರು ಕೇಳಿಬರುವ ಇನ್ನೊಬ್ಬ ಅಸದ್ ಖಾನ್ ಔರಂಗಝೇಬನ ವಝೀರ, ತೀರಿಕೊಂಡದ್ದು 1716ರಲ್ಲಿ. ನಮ್ಮೂರಿನವನನ್ನು ಅಸದ್ ಖಾನ್ ಲಾರಿ ಎಂದು ಬರೆದರೆ ಗೊಂದಲ ಮುಗಿಯಿತು. ಲಾರ್ ಎಂಬುದು ಇರಾನಿನ ಒಂದು ಊರು.

ಹದೀಸ್ ವಿದ್ವಾಂಸರಿಗೆ ಇದೊಂದು ಪ್ರತ್ಯೇಕ ಶಾಸ್ತ್ರವೇ ಆಗಿತ್ತು. 1071ರಲ್ಲಿ ನಿಧನರಾದ ಖತೀಬ್ ಬಗ್ದಾದಿಯವರು ಒಂದೇ ಹೆಸರಿನ ಬೇರೆ ಬೇರೆ ವರದಿಗಾರರ ಕುರಿತೇ ಒಂದು ದೊಡ್ಡ ಗ್ರಂಥ ಬರೆದರು. ಒಂದು ಉದಾಹರಣೆ ಹೇಳುತ್ತೇನೆ. ಅನಸ್ ಬಿನ್ ಮಾಲಿಕ್(ರ) ಎಂದೊಡನೆ ಪ್ರವಾದಿ(ಸ)ಯವರ ಸೇವೆಯಲ್ಲಿ ಬೆಳೆದ, ಎರಡು ಸಾವಿರಕ್ಕೂ ಮಿಕ್ಕಿ ಹದೀಸ್‌ಗಳನ್ನು ವರದಿ ಮಾಡಿದ ಮದೀನಾದ ಅನ್ಸಾರಿ ಸಹಾಬಿ ನೆನಪಾಗುತ್ತಾರೆ. ಆದರೆ ಅದೇ ಹೆಸರಿನ, ತಂದೆಯ ಹೆಸರೂ ಅದೇ ಆಗಿದ್ದ ಇನ್ನೊಬ್ಬ ಸಹಾಬಿ ಇದ್ದರು. ಅವರು ಕಅಬಿ ಕುಲದವರು, ಅವರಿಂದ ಪ್ರಸಿದ್ಧವಾಗಿರುವುದು ಒಂದೇ ಒಂದು ಹದೀಸ್. ಅದು ಯಾವುದು ಬಲ್ಲಿರಾ? ಪ್ರಯಾಣಿಕರಿಗೂ ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಉಪವಾಸದಲ್ಲಿ ರಿಯಾಯಿತಿ ಇದೆಯೆಂಬ ಹದೀಸ್. ತಂದೆಯ ಹೆಸರೂ ಸಾಲದಾದಾಗ ಕುಲವನ್ನು ಕೇಳಿ ಇಬ್ಬರನ್ನು ಬಿಡಿಸಿಟ್ಟವರ ಶ್ರಮ ಸಣ್ಣದಲ್ಲ.

ಇನ್ನು ಫಾತಿಮಾ. ಉಮರ್(ರ) ಖಡ್ಗ ಹಿಡಿದು ಬಂದಾಗ ಮನೆಯೊಳಗೆ ಕುರ್‌ಆನ್ ಪಠನ ಕೇಳಿಸಿದ ಪ್ರಸಂಗ ನೀವೆಲ್ಲ ಕೇಳಿದ್ದೀರಿ. ಏಟು ತಿಂದರೂ ವಿಶ್ವಾಸ ಬಿಡೆನೆಂದ ಆ ಫಾತಿಮಾ, ಖತ್ತಾಬರ ಮಗಳು, ಉಮರ್‌(ರ)ರ ತಂಗಿ. ಕೇಳುವವರಲ್ಲಿ ಕೆಲವರು ಅವರನ್ನು ಪ್ರವಾದಿ(ಸ)ಯವರ ಮಗಳೆಂದುಕೊಳ್ಳುತ್ತಾರೆ. ಪ್ರವಾದಿಪುತ್ರಿಗೆ ಆಗ ಮದುವೆಯೂ ಆಗಿರಲಿಲ್ಲ. ಮುಂದೆ ಆಕೆ ಅಲಿ(ರ)ಯವರನ್ನು ಮದುವೆಯಾದಾಗ ಅತ್ತೆಯ ಹೆಸರೂ ಫಾತಿಮಾ, ಅಸದರ ಮಗಳು. ಅತ್ತೆ ಸೊಸೆ ಇಬ್ಬರಿಗೂ ಒಂದೇ ಹೆಸರು! ಒಮ್ಮೆ ಉಡುಗೊರೆಯಾಗಿ ಬಂದ ರೇಷ್ಮೆ ಬಟ್ಟೆಯನ್ನು ಪ್ರವಾದಿ(ಸ)ಯವರು ಅಲಿ(ರ)ಯವರಿಗೆ ಕೊಟ್ಟು, ಫಾತಿಮಾರೆಲ್ಲರಿಗೂ ಓಢಣಿಯಾಗುವಂತೆ ಹಂಚಲು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ವ್ಯಾಖ್ಯಾನಕಾರರು ಆ ಫಾತಿಮಾರನ್ನು ಹುಡುಕಿ ಹುಡುಕಿ ಹೆಸರಿಸಿದ್ದಾರೆ: ಮುಹಮ್ಮದ್‌(ಸ)ರ ಮಗಳು, ಅಸದರ ಮಗಳು, ಹಂಝಾ(ರ)ರ ಮಗಳು. ತಂದೆಯ ಹೆಸರೇ ಅವರನ್ನು ಇಂದಿನವರೆಗೂ ಬೇರೆ ಬೇರೆಯಾಗಿ ಉಳಿಸಿದೆ.

ಈಗ ನಿಮ್ಮ ಕಾಗದಪತ್ರ ತೆಗೆದು ನೋಡಿ. ನಮ್ಮ ಬೆಳಗಾವಿ ಭಾಗದಲ್ಲಿ ಹೆಣ್ಣಿನ ಹೆಸರಿನ ನಡುವೆ ಮದುವೆಗೆ ಮುಂಚೆ ತಂದೆಯ ಹೆಸರು, ಬಳಿಕ ಗಂಡನ ಹೆಸರು. ಅಡ್ಡಹೆಸರೂ ಬದಲಾಗುತ್ತದೆ. ಶಾಲೆಯ ದಾಖಲೆಯಲ್ಲಿ ಒಬ್ಬಳು, ಆಧಾರ್‌ನಲ್ಲಿ ಇನ್ನೊಬ್ಬಳು! ತಂದೆ ತೀರಿಕೊಂಡು ತವರಿನ ಉತಾರಕ್ಕೆ ವಾರಸಾ ಹಚ್ಚುವ ದಿನ ಬಂದಾಗ, ಕುರ್‌ಆನ್ ನಿಗದಿಪಡಿಸಿದ ಪಾಲನ್ನು ಕೇಳುವ ಫಾತಿಮಾ ಇದೇ ಮನೆಯ ಮಗಳೆಂದು ತೋರಿಸಬೇಕಾಗುತ್ತದೆ. ಅಣ್ಣತಮ್ಮಂದಿರಿಗೆ ಈ ತಾಪತ್ರಯವಿಲ್ಲ.

ತಂದೆಯ ಹೆಸರು, ಗಂಡನ ಹೆಸರು ಎರಡೂ ಒಟ್ಟಿಗೆ ಇರುವ ಹಾಳೆ ನಿಕಾಹ್‌ನಾಮಾ. ಹೆಚ್ಚಿನ ಮನೆಗಳಲ್ಲಿ ಅದು ಎಲ್ಲಿದೆಯೆಂದು ಹೆಂಡತಿಗೆ ಗೊತ್ತೇ ಇರುವುದಿಲ್ಲ. ಸಿಗದಿದ್ದರೆ ನಿಕಾಹ್ ನಡೆದ ಜಮಾಅತ್‌ನ ದಫ್ತರದಲ್ಲಿ ತಾರೀಖು ಹೇಳಿ ವಿಚಾರಿಸಿ, ಒಂದು ನಕಲು ಪಡೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.