ಬಂದಳಿಕೆಯ ಶಿಲೆಗಳು: ಬರಹ ಮತ್ತು ಶಿಲ್ಪ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಂದಳಿಕೆಯು ಶಾಸನಗಳಲ್ಲಿ ಬಂದಣಿಕೆ, ಬಾಂಧವಪುರ ಎಂಬ ಹೆಸರುಗಳಿಂದ ಉಕ್ತವಾಗಿದೆ. ಬನವಾಸಿ ಹನ್ನೆರಡು ಸಾಸಿರದ ಒಳನಾಡಾದ ನಾಗರಖಂಡ ಎಪ್ಪತ್ತಕ್ಕೆ ಇದು ಮುಖ್ಯಪಟ್ಟಣವಾಗಿತ್ತು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ನಾಗರಖಂಡದ ಕದಂಬರು ಇಲ್ಲಿ ತಮ್ಮ ಕುರುಹುಗಳನ್ನು ಬಿಟ್ಟುಹೋಗಿದ್ದಾರೆ.

ಇಲ್ಲಿನ ಶಾಸನಗಳಲ್ಲಿ ಬಹುಚರ್ಚಿತವಾದುದು ಜಕ್ಕಿಯಬ್ಬೆಯದು. ಕ್ರಿ.ಶ. ಹತ್ತನೆಯ ಶತಮಾನದ ಎರಡನೆಯ ದಶಕಕ್ಕೆ ಸೇರಿದ ಈ ಶಾಸನದ ಪ್ರಕಾರ, ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದ ಬಳಿಕ ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಅವಳು ಹೆಣ್ಣಾಗಿಯೂ ನಾಡನ್ನು ದಕ್ಷತೆಯಿಂದ ಪಾಲಿಸಿದಳೆಂದೂ, ರೋಗಪೀಡಿತಳಾದಾಗ ಆಡಳಿತವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದಳೆಂದೂ ಶಾಸನವು ತಿಳಿಸುತ್ತದೆ. ಅಧಿಕಾರವು ತಾಯಿಯಿಂದ ಮಗಳಿಗೆ ಸಂದ ಸಂಗತಿಯನ್ನು ಶಾಸನಕಾರನು ಯಾವ ಸಂಕೋಚವೂ ಇಲ್ಲದೆ ಬರೆದಿರುವುದು ಗಮನಾರ್ಹ. ಇದನ್ನು ಕೇವಲ ಪತಿಭಕ್ತಿಯ ಅಥವಾ ಧರ್ಮನಿಷ್ಠೆಯ ದೃಷ್ಟಾಂತವಾಗಿ ಓದುವುದು ಶಾಸನದ ಅರ್ಧವನ್ನು ಕೈಬಿಟ್ಟಂತೆ.

ಇದೇ ಕಾಲದ ಇನ್ನೊಂದು ಶಿಲಾಪರಂಪರೆಯೊಡನೆ ಇದನ್ನು ಹೋಲಿಸಿ ನೋಡಬಹುದು. ಮಧ್ಯ ಅಮೆರಿಕದ ಮಾಯಾ ಜನರು ತಮ್ಮ ಅರಸರ ರೂಪ, ಹೆಸರು, ತಿಥಿಗಳನ್ನು ಒಂದೇ ನಿಲುಗಲ್ಲಿನಲ್ಲಿ ಕೆತ್ತುತ್ತಿದ್ದರು. ಅವರ ದೀರ್ಘಗಣನೆಯ ಪಂಚಾಂಗದ ತಿಥಿಯುಳ್ಳ ಕೊನೆಯ ಜ್ಞಾತ ಸ್ಮಾರಕ ಟೊನಿನಾದಲ್ಲಿದ್ದು, ಅದರ ಕಾಲ ಕ್ರಿ.ಶ. 909, ಜಕ್ಕಿಯಬ್ಬೆಯ ಶಾಸನಕ್ಕೆ ತುಸುವೇ ಹಿಂದಿನದು. ಆ ಲಿಪಿಯ ಓದು ಕಾಲಾಂತರದಲ್ಲಿ ಮರೆಯಾದುದರಿಂದ ಅಲ್ಲಿನ ಶಿಲ್ಪಗಳನ್ನು ಬಹುಕಾಲ ದೇವತೆಗಳು, ಪುರೋಹಿತರು ಎಂದೇ ಭಾವಿಸಲಾಗಿತ್ತು. 1960ರ ಸುಮಾರಿಗೆ ತಾತಿಯಾನಾ ಪ್ರೊಸ್ಕೂರಿಯಾಕೋಫ್ ಅವರು ತಿಥಿಗಳ ಅನುಕ್ರಮವನ್ನು ಪರಿಶೀಲಿಸಿ, ಅವು ನಿಜವಾಗಿ ಬಾಳಿದ ಅರಸರ ಚಿತ್ರಗಳೆಂದೂ, ನಿಲುವಂಗಿ ತೊಟ್ಟ ಕೆಲವು ಆಕೃತಿಗಳು ರಾಜಮನೆತನದ ಸ್ತ್ರೀಯರೆಂದೂ ತೋರಿಸಿದರು. ನಮ್ಮ ಜಕ್ಕಿಯಬ್ಬೆಗೆ ಆ ಅಜ್ಞಾತವಾಸ ಒದಗಲಿಲ್ಲ. ಲಿಪಿಯ ಪರಂಪರೆ ಕಡಿಯದೆ ಬಂದುದರಿಂದ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 1902ರ ಏಳನೆಯ ಸಂಪುಟದಲ್ಲಿಯೇ ಅವಳ ಹೆಸರು ಅಚ್ಚಾಯಿತು.

ಆದರೆ ಇದರಿಂದ ಬೇರೊಂದು ತೊಡಕು ಉಂಟಾಗಿದೆ. ಓದು ಸುಲಭವಾದುದರಿಂದ ನಾವು ಕಲ್ಲನ್ನು ಬಿಟ್ಟು ಪಾಠವನ್ನಷ್ಟೇ ಹಿಡಿದೆವು. ಅಕ್ಷರಗಳ ವಿನ್ಯಾಸ, ಪಂಕ್ತಿಗಳ ಅಂತರ, ಕಲ್ಲಿನ ಅಳತೆ, ಅದು ನಿಂತ ತಾಣ ಇವು ಸಂಪುಟದ ಪುಟಕ್ಕೆ ಬರಲಾರವು. ಶಾಸನಜ್ಞರು ಬರಹವನ್ನೂ ಕಲಾವಿಮರ್ಶಕರು ಶಿಲ್ಪವನ್ನೂ ಹಂಚಿಕೊಂಡು, ಎರಡನ್ನೂ ಹೊತ್ತ ಶಿಲೆ ಯಾರದೂ ಅಲ್ಲವೆಂಬಂತಾಗಿದೆ.

ದೇವಾಲಯಗಳ ಪೈಕಿ ತ್ರಿಮೂರ್ತಿ ನಾರಾಯಣ ಗುಡಿಯು ತ್ರಿಕೂಟ ರಚನೆ. ಶಾಂತಿನಾಥ ಬಸದಿಯು ಬಂದಣಿಕೆಯು ಜೈನತೀರ್ಥವಾಗಿದ್ದುದರ ಸಾಕ್ಷಿ. ಕಲೆಯ ದೃಷ್ಟಿಯಿಂದ ನನಗೆ ಮಿಗಿಲೆನಿಸುವುದು ಸೋಮೇಶ್ವರ ದೇವಾಲಯದ ಬಾಗಿಲಿನ ಇಕ್ಕೆಲದ ಜಾಲಂಧ್ರಗಳು. ಬೆಳಕು ಮತ್ತು ಗಾಳಿಗೆಂದು ಕೊರೆದ ಈ ಕಲ್ಲಿನ ಜಾಲರಿಗಳಲ್ಲಿ ರಾಮಾಯಣ ಮತ್ತು ಮಹಾಭಾರತದ ಪ್ರಸಂಗಗಳನ್ನು ಕಿರಿದಾದ ಆಕೃತಿಗಳಲ್ಲಿ ತುಂಬಲಾಗಿದೆ. ಇಲ್ಲಿ ರಂಧ್ರವೂ ಶಿಲ್ಪದ ಅಂಗವೇ. ಹಿಂದಿನ ಕತ್ತಲೆಯ ಮುಂದೆ ಆಕೃತಿಗಳ ಅಂಚು ಎದ್ದು ತೋರುತ್ತದೆ. ಅವನ್ನು ಕಿತ್ತು ವಸ್ತುಸಂಗ್ರಹಾಲಯದ ಗೋಡೆಗೆ ಒರಗಿಸಿದರೆ ಈ ಗುಣ ಉಳಿಯದು. ಮಾಯಾ ನಗರ ಯಾಶ್‌ಚಿಲಾನಿನ ಬಾಗಿಲ ಮೇಲ್ದಾರಂದಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೋಡುಗರ ಕಣ್ಣಿನ ಮಟ್ಟಕ್ಕೆ ಸಿಗುತ್ತವೆ. ಆದರೆ ಅವು ಬಾಗಿಲು ಹಾದುಹೋಗುವವರು ತಲೆಯೆತ್ತಿ ನೋಡಲೆಂದು ಕಡೆದವು.

ಬಂದಳಿಕೆಯ ಗುಡಿಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ಇಲ್ಲಿನ ಶಾಸನಗಲ್ಲುಗಳನ್ನು ಒಂದೊಂದಾಗಿ, ಅವು ಇರುವ ಸ್ಥಳದ ನಕ್ಷೆ, ಅಳತೆ, ಛಾಯಾಚಿತ್ರಗಳೊಡನೆ ಮತ್ತೆ ದಾಖಲಿಸುವ ಕಾರ್ಯವನ್ನು ಶಾಸನಜ್ಞರೂ ಶಿಲ್ಪಶಾಸ್ತ್ರಜ್ಞರೂ ಕೂಡಿ ಕೈಗೊಳ್ಳಬೇಕು. ಅದಕ್ಕೆ ಮೊದಲ ಕಲ್ಲು ಜಕ್ಕಿಯಬ್ಬೆಯದೇ ಆಗಲಿ.