ಚೌಕವೂ ಆಯತವೇ!

ಮಕ್ಕಳೇ, ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು ಎಂದು ನಿಮಗೆ ಹೇಳುತ್ತೇವಲ್ಲ, ಈ ವಾರ ಒಪ್ಪಿಕೊಳ್ಳುವ ಸರದಿ ನನ್ನದು.

ಎಂಟನೇ ತರಗತಿಯ ಮೊಮ್ಮಗಳು ಹೋಂವರ್ಕಿನಲ್ಲಿ ‘ಎಲ್ಲ ಚೌಕಗಳೂ ಆಯತಗಳು’ ಎಂಬ ವಾಕ್ಯದ ಮುಂದೆ ‘ಸರಿ’ ಎಂದು ಬರೆದಿದ್ದಳು. “ಚೌಕ ಬೇರೆ, ಆಯತ ಬೇರೆ ಪುಟ್ಟಿ” ಎಂದು ನಾನೇ ಅದನ್ನು ಹೊಡೆಸಿ ‘ತಪ್ಪು’ ಎಂದು ಬರೆಸಿದೆ. ಮರುದಿನ ಅದರ ಮೇಲೆ ಕೆಂಪು ಗೆರೆ! “ನನಗೆ ಗೊತ್ತಿತ್ತು ತಾತ. ನೀವು ಬ್ಯಾಂಕಿನಲ್ಲಿ ಲೆಕ್ಕ ಮಾಡಿದವರು ಅಂತ ನಂಬಿದೆ” ಎಂದಳು. ಅಂಕ ಹೋದದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಅವಳ ಪುಸ್ತಕ ಹಿಡಿದು ಕುಳಿತೆ.

ನಾಲ್ಕು ಬಾಹುಗಳ ಮುಚ್ಚಿದ ಆಕೃತಿ ಚತುರ್ಭುಜ. ಅದರ ಎದುರುಬದುರು ಬಾಹುಗಳ ಎರಡು ಜೋಡಿಯೂ ಸಮಾಂತರವಾಗಿದ್ದರೆ ಸಮಾಂತರ ಚತುರ್ಭುಜ. ಇದರ ನಾಲ್ಕೂ ಕೋನಗಳು 90 ಡಿಗ್ರಿ ಇದ್ದರೆ ಆಯತ. ನಾಲ್ಕೂ ಬಾಹುಗಳು ಸಮವಾಗಿದ್ದರೆ ವಜ್ರಾಕೃತಿ. ಈ ಎರಡೂ ಗುಣ ಒಟ್ಟಿಗೆ ಇದ್ದರೆ ಚೌಕ. ಹಾಗಾಗಿ ಚೌಕ ಆಯತವೂ ಹೌದು, ವಜ್ರಾಕೃತಿಯೂ ಹೌದು. ಆದರೆ ಎಲ್ಲ ಆಯತವೂ ಚೌಕವಲ್ಲ. ಉದ್ದ, ಅಗಲ ಬೇರೆಬೇರೆ ಇರಲೇಬೇಕೆಂಬ ಷರತ್ತು ಪುಸ್ತಕದಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿದ್ದು ನನ್ನ ತಲೆ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಹಿರಿಯ ನಾಗರಿಕರ ಎಫ್‌.ಡಿ.ಯೂ ಎಫ್‌.ಡಿ.ಯೇ. ಸ್ವಲ್ಪ ಹೆಚ್ಚು ಬಡ್ಡಿ ಸಿಕ್ಕಿತೆಂದು ಅದು ಎಫ್‌.ಡಿ. ಅಲ್ಲ ಎನ್ನಲಾದೀತೇ?

ನನಗೊಂದು ಸಮಾಧಾನವೂ ಸಿಕ್ಕಿತು. ಸುಮಾರು 2,300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಚೌಕವನ್ನು ಆಯತದಿಂದ ಬೇರೆಯಾಗಿಯೇ ಇಟ್ಟಿದ್ದ! ಈಗ ಒಂದರೊಳಗೊಂದು ಸೇರಿಸುವುದೇಕೆ? ಕೆಲಸ ಉಳಿಯುತ್ತದೆ. ಸಮಾಂತರ ಚತುರ್ಭುಜದ ಕರ್ಣಗಳು ಒಂದನ್ನೊಂದು ಅರ್ಧಿಸುತ್ತವೆ ಎಂದು ಒಮ್ಮೆ ಸಾಧಿಸಿದರೆ ಸಾಕು. ಆಯತ, ವಜ್ರಾಕೃತಿ, ಚೌಕಗಳಿಗೆ ಮತ್ತೆ ಸಾಧಿಸಬೇಕಿಲ್ಲ. ಆಯತದ ಕರ್ಣಗಳು ಸಮ. ವಜ್ರಾಕೃತಿಯ ಕರ್ಣಗಳು ಲಂಬವಾಗಿ ಕತ್ತರಿಸುತ್ತವೆ. ಚೌಕಕ್ಕೆ ಎರಡೂ ಕಡೆಯ ಆಸ್ತಿ!

ನೀವೂ ಮಾಡಿ ನೋಡಿ. ಒಂದೇ ಅಳತೆಯ ನಾಲ್ಕು ಪೊರಕೆಕಡ್ಡಿಗಳ ತುದಿಗಳನ್ನು ದಾರದಿಂದ ಸಡಿಲವಾಗಿ ಕಟ್ಟಿ ಚೌಕ ಮಾಡಿ. ಒಂದು ಮೂಲೆಯನ್ನು ಮೆಲ್ಲಗೆ ತಳ್ಳಿದರೆ ಚೌಕ ವಾಲುತ್ತದೆ. 90 ಡಿಗ್ರಿ ಹೋಯಿತು, ಆಯತವೆಂಬ ಹೆಸರೂ ಹೋಯಿತು. ಆದರೆ ಕಡ್ಡಿಗಳ ಅಳತೆ ಬದಲಾಗಿಲ್ಲ. ಅದು ಮೊದಲೂ ವಜ್ರಾಕೃತಿ, ಈಗಲೂ ವಜ್ರಾಕೃತಿ. ಇನ್ನು ಎರಡು ಉದ್ದ, ಎರಡು ಗಿಡ್ಡ ಕಡ್ಡಿಗಳಿಂದ ಆಯತ ಕಟ್ಟಿ ತಳ್ಳಿದರೆ ಏನಾಗುತ್ತದೆ? ಉತ್ತರ ನೀವೇ ಹೇಳಿ.

ನಮ್ಮ ಮನೆಯ ಪೊರಕೆ ತೆಳ್ಳಗಾಯಿತು; ಮೊಮ್ಮಗಳ ಮುನಿಸೂ ಕರಗಿತು. “ನಿನ್ನ ಉತ್ತರವೇ ಸರಿ, ತಪ್ಪು ನನ್ನದು” ಎಂದೆ. “ಇನ್ನು ಮೇಲೆ ನಿಮ್ಮ ಲೆಕ್ಕ ನಾನು ನೋಡ್ತೀನಿ” ಎಂದಳು.

ತಾತ-ಅಜ್ಜಿಯರೇ, ಮಕ್ಕಳ ಉತ್ತರಕ್ಕೆ ಗೀಟು ಹಾಕಿಸುವ ಮುನ್ನ “ಯಾಕೆ ಹೀಗೆ ಬರೆದೆ?” ಎಂದು ಒಮ್ಮೆ ಕೇಳೋಣ.