ಹಿಮ್ಮಡಿ ಊರದ ನಡಿಗೆ

ಶೈಶವದಲ್ಲಿ ಬಂದ ಪೋಲಿಯೋದಿಂದ ತಿರುಚಿಹೋಗಿದ್ದ ತನ್ನ ಪಾದವನ್ನು ಸರಿಪಡಿಸಿಕೊಳ್ಳಬೇಕೆಂಬ ಆಸೆಯಿಂದ, ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ತರುಣ ವೈದ್ಯನು 1836ರಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಸ್ಟ್ರೋಮಯರ್ ಎಂಬ ಶಸ್ತ್ರವೈದ್ಯನಿಗೆ ತನ್ನ ಕಾಲನ್ನು ಒಪ್ಪಿಸಿದನು. ಸ್ಟ್ರೋಮಯರನು ಚರ್ಮದಲ್ಲಿ ಸಣ್ಣದೊಂದು ರಂಧ್ರವನ್ನು ಮಾತ್ರ ಮಾಡಿ, ಅದರ ಮೂಲಕವೇ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸಿದನು, ಪಾದ ನೆಟ್ಟಗಾಯಿತು, ಲಿಟಲ್ ಆ ವಿದ್ಯೆಯನ್ನು ಕಲಿತುಕೊಂಡೇ ಸ್ವದೇಶಕ್ಕೆ ಮರಳಿದನು. ಕಾಲು ಶತಮಾನ ಕಳೆದ ಮೇಲೆ, 1861ರಲ್ಲಿ, ಇದೇ ಲಿಟಲ್ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಪ್ರಬಂಧವೊಂದನ್ನು ಓದಿ, ಕಷ್ಟಪ್ರಸವ, ಅಕಾಲಪ್ರಸವ, ಹುಟ್ಟುವಾಗ ಉಸಿರು ಕಟ್ಟುವುದು ಇವುಗಳಿಗೂ ಮಕ್ಕಳ ಕೈಕಾಲುಗಳು ಸೆಟೆದುಕೊಳ್ಳುವುದಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದನು. ಬಹುಕಾಲ ‘ಲಿಟಲ್‌ನ ರೋಗ’ವೆಂದೇ ಹೆಸರಾಗಿದ್ದ ಆ ವ್ಯಾಧಿಯನ್ನು ಇಂದು ನಾವು ಸೆರೆಬ್ರಲ್ ಪಾಲ್ಸಿ ಎನ್ನುತ್ತೇವೆ. ಲಿಟಲ್‌ನ ಪಾಲಿಗೆ ವರವಾದ ಆ ಶಸ್ತ್ರವೇ ಅವನ ಹೆಸರನ್ನು ಹೊತ್ತ ರೋಗದ ಮಕ್ಕಳಿಗೆ ಎಷ್ಟೋ ವೇಳೆ ಶಾಪವಾಗಿ ಪರಿಣಮಿಸಿತೆಂಬುದು ವೈದ್ಯಚರಿತ್ರೆಯ ವಿಪರ್ಯಾಸಗಳಲ್ಲೊಂದು.

ಸಾವಿರ ಶಿಶುಗಳು ಹುಟ್ಟಿದರೆ ಎರಡು ಮೂರಕ್ಕೆ ಬರುವ ಈ ವ್ಯಾಧಿಯ ಮೂಲವಿರುವುದು ಕಾಲಿನಲ್ಲಲ್ಲ, ಮಿದುಳಿನಲ್ಲಿ. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಮಿದುಳಿನಲ್ಲಿ, ನಡುವಣ ದ್ರವಕೋಶಗಳ ಸುತ್ತಲಿನ ಭಾಗಕ್ಕೆ ರಕ್ತವೂ ಪ್ರಾಣವಾಯುವೂ ಸಾಲದೆ ಹೋದರೆ, ಮೊದಲು ಪೆಟ್ಟು ಬೀಳುವುದು ಕಾಲುಗಳಿಗೆ ಆಜ್ಞೆಯನ್ನೊಯ್ಯುವ ನರತಂತುಗಳಿಗೆ. ಆ ಕೋಶಗಳಿಗೆ ತೀರ ಸಮೀಪವಾಗಿ ಹಾಯ್ದು ಬರುವವು ಅವೇ. ಆದಕಾರಣ ಇಂಥ ಮಕ್ಕಳಲ್ಲಿ ಕೈಗಳು ಬಹುಮಟ್ಟಿಗೆ ಚೆನ್ನಾಗಿದ್ದು ಎರಡು ಕಾಲುಗಳೂ ಸೆಟೆದಿರುವುದು ಸಾಮಾನ್ಯ. ಮಿದುಳಿನ ಗಾಯ ಆಮೇಲೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆಯುತ್ತದೆ; ಎಲುಬು ಉದ್ದವಾಗುತ್ತ ಹೋದಂತೆ, ಸದಾ ಬಿಗಿದುಕೊಂಡಿರುವ ಸ್ನಾಯು ಅದರ ಸಮಕ್ಕೆ ಬೆಳೆಯಲಾರದೆ ಹಿಂದುಳಿಯುತ್ತದೆ; ಮೂರು ವರ್ಷದಲ್ಲಿ ಬರಿಯ ಬಿಗುವಾಗಿದ್ದದ್ದು ಹತ್ತು ವರ್ಷದಲ್ಲಿ ನಿಜವಾಗಿಯೂ ಗಿಡ್ಡವಾದ ಸ್ನಾಯುವಾಗಿಬಿಡುತ್ತದೆ.

ಇನ್ನು ನಡಿಗೆಯ ಮಾತು. ಒಂದು ಕಾಲಿನ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನ ಅವಧಿಯನ್ನು ಒಂದು ಆವರ್ತವೆಂದು ಎಣಿಸಿದರೆ, ಆರೋಗ್ಯವಂತನ ಪಾದ ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ನೆಲದ ಮೇಲೆ ಊರಿರುತ್ತದೆ, 40 ಪಾಲು ಗಾಳಿಯಲ್ಲಿ ಬೀಸುತ್ತಿರುತ್ತದೆ. ಪಾದ ಪೂರ್ತಿಯಾಗಿ ಊರಿಕೊಂಡ ಮೇಲೆ ಮಂಡಿಯ ಕೆಳಗಿನ ಕಾಲು ಅದರ ಮೇಲೆ ಮುಂದಕ್ಕೆ ವಾಲತೊಡಗುತ್ತದೆ. ಆ ವಾಲುವಿಕೆ ಮಿತಿಮೀರದಂತೆ ಹಿಂದಿನಿಂದ ಹಿಡಿದಿಡುವ ಕೆಲಸ ಮೀನಖಂಡದ್ದು. ಹಿಡಿತ ಸರಿಯಾಗಿದ್ದರೆ, ನೆಲವು ದೇಹವನ್ನು ಮೇಲಕ್ಕೆ ಒತ್ತುವ ಬಲದ ರೇಖೆ ಮಂಡಿಯ ಮುಂದೆ ಹಾಯ್ದು, ಮಂಡಿ ತನ್ನಷ್ಟಕ್ಕೆ ತಾನೇ ನೆಟ್ಟಗಾಗುತ್ತದೆ, ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ವಿಶ್ರಾಂತಿ ದೊರೆಯುತ್ತದೆ. ಮಂಡಿಯನ್ನು ನಿಲ್ಲಿಸತಕ್ಕದ್ದು ತೊಡೆಯೆಂದೇ ನಾವೆಲ್ಲ ಭಾವಿಸಿದ್ದರೂ, ಅದರ ಬಹುಪಾಲು ಕೀರ್ತಿ ಸಲ್ಲಬೇಕಾದದ್ದು ಎಲ್ಲೋ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡಕ್ಕೆ. ಈ ಹಿಡಿತ ತಪ್ಪಿದರೆ ಏನಾಗುವುದೆಂದು ತಿಳಿಯಬಯಸುವ ಓದುಗರು, ಎದ್ದು ನಿಂತು, ಮಂಡಿಗಳನ್ನು ಸ್ವಲ್ಪ ಬಗ್ಗಿಸಿ, ಹಾಗೆಯೇ ಎರಡು ನಿಮಿಷ ಅಲುಗದೆ ನಿಂತು ನೋಡಲಿ. ತೊಡೆ ಉರಿದು ನಡುಗತೊಡಗುತ್ತದೆ. ಬಾಗಿದ ಮಂಡಿಯ ಮಗು ಶಾಲೆಯ ಅಂಗಳವನ್ನು ದಾಟುವುದು ಆ ಉರಿಯಲ್ಲಿಯೇ. ಇಂಥ ಮಕ್ಕಳು ಅದೇ ದೂರವನ್ನು ನಡೆಯಲು ಇತರ ಮಕ್ಕಳಿಗಿಂತ ಎರಡು ಮೂರು ಪಟ್ಟು ಶಕ್ತಿಯನ್ನು ವ್ಯಯಿಸಬೇಕಾಗುವುದುಂಟು. ‘ನಡೆಯೋಕೆ ಸೋಮಾರಿತನ’ ಎಂದು ಗದರುವ ಹಿರಿಯರು ಈ ಲೆಕ್ಕವನ್ನು ಬಲ್ಲವರಲ್ಲ.

ಈಗ ತುದಿಗಾಲಿನಲ್ಲಿ ನಡೆಯುವ ಮಗುವನ್ನು ನೋಡೋಣ. ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲವಾದರೆ ಹಿಮ್ಮಡಿಯ ರಜ್ಜು ಗಿಡ್ಡವಾಗಿದೆ, ಅದನ್ನು ಉದ್ದ ಮಾಡಿದರಾಯಿತು ಎಂಬುದು ಯಾರಿಗಾದರೂ ತೋಚುವ ತರ್ಕ. ಬಹುಕಾಲ ಶಸ್ತ್ರವೈದ್ಯರಿಗೂ ತೋಚಿದ್ದು ಅದೇ. ಆದರೆ ಮಗುವನ್ನು ಪಕ್ಕದಿಂದ ನಿಧಾನವಾಗಿ ನಿರೀಕ್ಷಿಸಿದರೆ ಬೇರೊಂದು ಸತ್ಯ ಹೊರಬೀಳುವುದುಂಟು: ಪಾದ ಮಂಡಿಯ ಕೆಳಗಿನ ಕಾಲಿಗೆ ಸರಿಯಾದ ಲಂಬಕೋನದಲ್ಲಿಯೇ ಇದೆ, ರಜ್ಜುವಿನಲ್ಲಿ ದೋಷವಿಲ್ಲ, ಸೊಂಟದ ಕೀಲೂ ಮಂಡಿಯೂ ಬಾಗಿರುವುದರಿಂದ ಹಿಮ್ಮಡಿ ಮೇಲೆದ್ದಿದೆ, ಅಷ್ಟೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರೋಡ್ಡಾ ಮತ್ತು ಗ್ರಹಾಂ ಎಂಬುವರು ಎರಡು ಕಾಲೂ ಸೆಟೆದ ಮಕ್ಕಳ ನಡಿಗೆಯನ್ನು ವಿಂಗಡಿಸಿದಾಗ, ನಿಜವಾದ ತುದಿಗಾಲಿನ ನಡಿಗೆಯನ್ನೂ ಈ ತೋರಿಕೆಯ ತುದಿಗಾಲಿನ ನಡಿಗೆಯನ್ನೂ ಬೇರೆ ಬೇರೆಯಾಗಿಯೇ ಇಟ್ಟರು. ಎರಡನೆಯದರಲ್ಲಿ ಹಿಮ್ಮಡಿಯ ರಜ್ಜುವನ್ನು ಉದ್ದಗೊಳಿಸಿದರೆ ಪಾದವೇನೋ ನೆಲಕ್ಕೆ ಊರುತ್ತದೆ, ತಾಯ್ತಂದೆಯರಿಗೆ ಆನಂದವೂ ಆಗುತ್ತದೆ. ಆದರೆ ಮೊದಲೇ ದುರ್ಬಲವಾಗಿದ್ದ ಮೀನಖಂಡ ಇನ್ನಷ್ಟು ಸಡಿಲಗೊಂಡು, ಕಾಲನ್ನು ಹಿಂದಿನಿಂದ ಹಿಡಿದಿಡುವವರಿಲ್ಲದೆ, ಮಂಡಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತ ಹೋಗುತ್ತದೆ. ಹದಿಹರೆಯದಲ್ಲಿ ದೇಹದ ತೂಕ ಏರುತ್ತದೆ, ಅದಕ್ಕೆ ತಕ್ಕಂತೆ ಸ್ನಾಯುಬಲ ಏರುವುದಿಲ್ಲ; ಎಂಟು ವರ್ಷದಲ್ಲಿ ಮನೆಯೆಲ್ಲ ಓಡಾಡಿದ ಹುಡುಗ ಹದಿನಾಲ್ಕರಲ್ಲಿ ಮಂಡಿಚಿಪ್ಪಿನ ನೋವಿನಿಂದ ಗಾಲಿಕುರ್ಚಿಯನ್ನು ಹಿಡಿಯಬೇಕಾಗುವುದುಂಟು. ಕಣ್ಣಿಗೆ ವಿಕಾರವಾಗಿ ಕಂಡದ್ದು ಆ ಮಗು ಬಿದ್ದುಹೋಗದಿರಲು ಅದರ ಮಿದುಳು ಕಂಡುಕೊಂಡಿದ್ದ ಉಪಾಯವಾಗಿತ್ತು. ಅದನ್ನೇ ರೋಗವೆಂದು ಭಾವಿಸಿ ಕತ್ತರಿಸಲಾಯಿತು.

ಎಲುಬುಗಳ ತಿರುಚಿಕೆ ಇನ್ನೊಂದು ಅಧ್ಯಾಯ. ಹುಟ್ಟುವಾಗ ಎಲ್ಲ ಶಿಶುಗಳ ತೊಡೆಯೆಲುಬೂ ಸುಮಾರು 40 ಅಂಶ ಮುಂದಕ್ಕೆ ತಿರುಚಿರುತ್ತದೆ. ಅಂಬೆಗಾಲಿಟ್ಟು, ನಿಂತು, ಓಡಿ ಆಡುವ ಮಗುವಿನಲ್ಲಿ ಅದು ಕ್ರಮೇಣ ಬಿಚ್ಚಿಕೊಂಡು ಪ್ರಾಯಕ್ಕೆ ಬರುವ ಹೊತ್ತಿಗೆ ಸುಮಾರು 15 ಅಂಶಕ್ಕಿಳಿಯುತ್ತದೆ. ತಡವಾಗಿ ನಿಲ್ಲುವ ಮಗುವಿನಲ್ಲಿ ತಿರುಚು ಉಳಿದುಬಿಡುವುದರಿಂದ ಮಂಡಿಗಳು ಒಳಮೊಗವಾಗಿ ಒಂದಕ್ಕೊಂದು ಉಜ್ಜುತ್ತವೆ. ಅಮೆರಿಕದ ಮಿನೆಸೋಟದ ಗಿಲೆಟ್ ಮಕ್ಕಳ ಆಸ್ಪತ್ರೆಯಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಗೇಜ್ ಇದನ್ನು ಸನ್ನೆಗೋಲಿನ ದೋಷವೆಂದೇ ಕರೆದರು: ಗೋಲು ಸೊಟ್ಟಗಾಗಿದ್ದರೆ ಎಷ್ಟು ಬಲವಾಗಿ ಮೀಟಿದರೂ ಬಂಡೆ ಕದಲುವುದಿಲ್ಲ. ಇಂಥಲ್ಲಿ ವ್ಯಾಯಾಮದಿಂದ ಸ್ನಾಯುವನ್ನು ಎಷ್ಟು ಬೆಳೆಸಿದರೂ ಪ್ರಯೋಜನ ಅಲ್ಪ.

ಇವನ್ನೆಲ್ಲ ಬರಿಗಣ್ಣಿನಿಂದ ಬಿಡಿಸಿ ನೋಡುವುದು ಕಷ್ಟ. ಮೊದಲು ಸೈನ್ಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದು ಆಮೇಲೆ ಮೂಳೆವೈದ್ಯೆಯಾದ ಕ್ಯಾಲಿಫೋರ್ನಿಯದ ಜಾಕ್ವೆಲಿನ್ ಪೆರಿ, ಸ್ಯಾನ್ ಡಿಯಾಗೋದ ಡೇವಿಡ್ ಸದರ್‌ಲ್ಯಾಂಡ್ ಮೊದಲಾದವರ ಶ್ರಮದಿಂದ ಬೆಳೆದ ನಡಿಗೆಯ ಪ್ರಯೋಗಶಾಲೆಯಲ್ಲಿ, ಚಡ್ಡಿಯುಟ್ಟ ಮಗುವಿನ ಸೊಂಟ, ಮಂಡಿ, ಪಾದಗಳಿಗೆ ಮಿನುಗುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾಗಳನ್ನಿಟ್ಟು, ನೆಲದಲ್ಲಿ ಹುದುಗಿಸಿದ ಫಲಕದ ಮೇಲೆ ನಡೆಸುತ್ತಾರೆ. ಯಾವ ಕೀಲು ಯಾವ ಕ್ಷಣದಲ್ಲಿ ಎಷ್ಟು ಬಾಗಿತು, ನೆಲದ ಬಲ ಎಲ್ಲಿ ಹಾಯಿತು ಎಂಬುದು ರೇಖೆಗಳಾಗಿ ಮೂಡುತ್ತದೆ. ಇದರಿಂದಾದ ದೊಡ್ಡ ಲಾಭವೆಂದರೆ ಒಂದೊಂದು ವರ್ಷ ಒಂದೊಂದು ಕಡೆ ಕೊಯ್ಯುವ ಪದ್ಧತಿ ಹಿಂದೆ ಸರಿದದ್ದು. ಪ್ರತಿ ಹುಟ್ಟುಹಬ್ಬವನ್ನೂ ಆಸ್ಪತ್ರೆಯಲ್ಲಿ ಕಳೆಯುವ ಆ ಮಕ್ಕಳ ಪಾಡನ್ನು ಟೊರಾಂಟೋದ ಮರ್ಸರ್ ರಾಂಗ್ ‘ಹುಟ್ಟುಹಬ್ಬದ ರೋಗ’ವೆಂದು ಕಟುವಾಗಿ ಹಾಸ್ಯ ಮಾಡಿದ್ದರು. ಈಗ ಎಲುಬು, ಸ್ನಾಯುಗಳ ದೋಷಗಳನ್ನೆಲ್ಲ ಮೊದಲೇ ಅಳೆದುಕೊಂಡು, ಸಾಧ್ಯವಾದಷ್ಟನ್ನು ಒಂದೇ ಸಲ ಸರಿಪಡಿಸಿ, ಆಮೇಲೆ ದೀರ್ಘಕಾಲ ವ್ಯಾಯಾಮ ಮಾಡಿಸುವುದೇ ಮಾನ್ಯಕ್ರಮ. ಚಿಕ್ಕ ಮಕ್ಕಳಿಗೆ ಬಿಗಿದ ಸ್ನಾಯುವಿಗೆ ಬೊಟುಲಿನಮ್ ಚುಚ್ಚುಮದ್ದು ಕೊಡುವುದುಂಟು. ಅದರ ಗುಣ ಕೆಲವು ತಿಂಗಳು ಮಾತ್ರ.

ಆದರೆ ಬಹುತೇಕ ಮಕ್ಕಳ ನಿತ್ಯದ ಸಂಗಾತಿ ಪ್ಲಾಸ್ಟಿಕ್ಕಿನ ಸ್ಪ್ಲಿಂಟು, ವೈದ್ಯರ ಬಾಯಲ್ಲಿ ಎ.ಎಫ್.ಓ. ಸರಿಯಾಗಿ ಮಾಡಿದ್ದು, ಸೋತ ಮೀನಖಂಡದ ಬದಲಿಗೆ ತಾನೇ ಕಾಲನ್ನು ಹಿಡಿದು ಮಂಡಿಯನ್ನು ನೆಟ್ಟಗಿಡುತ್ತದೆ. ನಮ್ಮಲ್ಲಿ ಇದಕ್ಕೊಂದು ವಿಚಿತ್ರ ವಿಘ್ನವಿದೆ. ಸ್ಪ್ಲಿಂಟಿನ ಮೇಲೆ ಬೂಟು ಹಾಕಬೇಕು, ಬೂಟು ಹೊಸ್ತಿಲ ಹೊರಗಿರಬೇಕು. ಹಾಗಾಗಿ ಮಗು ಅತಿ ಹೆಚ್ಚು ಓಡಾಡುವ ಮನೆಯೊಳಗೇ ಅದು ಬರಿಗಾಲಿನಲ್ಲಿರುತ್ತದೆ. ಒಳಗಿಗೆಂದೇ ಒಂದು ಜೊತೆ ಬೂಟನ್ನು ಬೇರೆಯಾಗಿ ಇಡುವುದರಿಂದ ಯಾವ ಮಡಿಯೂ ಕೆಡುವುದಿಲ್ಲವೆಂದು ನನ್ನ ಅಭಿಪ್ರಾಯ.

ಮಗು ನಡೆದೀತೇ ಎಂಬುದು ತಾಯ್ತಂದೆಯರ ಮೊದಲ ಪ್ರಶ್ನೆ. ಎರಡು ವರ್ಷದೊಳಗೆ ಆಸರೆಯಿಲ್ಲದೆ ಕೂರಬಲ್ಲ ಮಗುವಿನ ವಿಷಯದಲ್ಲಿ ಭರವಸೆಗೆ ಒಳ್ಳೆಯ ಆಧಾರವಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1997ರಲ್ಲಿ ರೂಪುಗೊಂಡ ಐದು ಮಟ್ಟಗಳ ವರ್ಗೀಕರಣದಲ್ಲಿ ತಮ್ಮ ಮಗು ಎಷ್ಟನೆಯ ಮಟ್ಟದಲ್ಲಿದೆಯೆಂದು ವೈದ್ಯರನ್ನು ಕೇಳಿದರೆ ಮುಂದಿನ ದಾರಿ ಇನ್ನೂ ಸ್ಪಷ್ಟವಾಗುತ್ತದೆ. ನಡಿಗೆಯ ಪ್ರಯೋಗಶಾಲೆ ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ಆದರೆ ಮೊಬೈಲು ಇಲ್ಲದ ಮನೆ ಈಗ ವಿರಳ. ಮಗುವಿಗೆ ಚಡ್ಡಿ ಹಾಕಿ, ಬರಿಗಾಲಿನಲ್ಲೊಮ್ಮೆ, ಸ್ಪ್ಲಿಂಟಿನೊಡನೆ ಮತ್ತೊಮ್ಮೆ ನಡೆಸಿ, ಮೊಬೈಲನ್ನು ಮಗುವಿನ ಮಂಡಿಯ ಎತ್ತರದಲ್ಲಿ ಹಿಡಿದು, ಮುಂದಿನಿಂದಲೂ ಎರಡು ಪಕ್ಕಗಳಿಂದಲೂ ವಿಡಿಯೋ ತೆಗೆದಿಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಹಾಗೆ ಮಾಡಿ. ಹಿಮ್ಮಡಿಯ ರಜ್ಜುವನ್ನು ಉದ್ದ ಮಾಡೋಣವೆಂದು ಯಾರಾದರೂ ಹೇಳಿದ ದಿನ ಅದನ್ನು ಅವರಿಗೆ ತೋರಿಸಿ, ಆಮೇಲೆ ಮಂಡಿಯ ಗತಿಯೇನೆಂದು ಕೇಳಿ ಉತ್ತರ ಪಡೆದೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ.